ಪದ ಮೊದಲು, ಹೆಜ್ಜೆ ಆಮೇಲೆ: ಹವಾಯಿಯ ಹುಲಾ ಥೀಮ್ ಪಾರ್ಕಿಗೆ ಬರುವಾಗ

(ಉಪನ್ಯಾಸದ ಬರಹ ರೂಪ)

ಹುಲಾ ಎಂದರೆ ಹವಾಯಿ ದ್ವೀಪಗಳ ಸಾಂಪ್ರದಾಯಿಕ ಕುಣಿತ. 1937ರಲ್ಲಿ ಅಲ್ಲಿನ ಹೊನೊಲುಲುವಿನ ವೈಕೀಕಿಯಲ್ಲಿ ಒಂದು ಹುಲಾ ಪ್ರದರ್ಶನ ಶುರುವಾಯಿತು. ಶುರು ಮಾಡಿದವರು ಕ್ಯಾಮೆರಾ ಫಿಲ್ಮ್ ಮಾರುವ ಕೊಡಾಕ್ ಕಂಪನಿಯ ಹವಾಯಿ ಶಾಖೆಯ ಫ್ರಿಟ್ಜ್ ಹರ್ಮನ್. ಪ್ರದರ್ಶನ ಹಗಲಲ್ಲೇ ಆಗಬೇಕಿತ್ತು, ಯಾಕೆಂದರೆ ಅಂದಿನ ಫಿಲ್ಮಿಗೆ ಒಳ್ಳೆಯ ಬಿಸಿಲು ಬೇಕು. ರಾತ್ರಿ ಪಂಜಿನ ಬೆಳಕಲ್ಲಿ ತೆಗೆದರೆ ಪ್ರವಾಸಿಗರ ಕೈಗೆ ಸಿಗುತ್ತಿದ್ದುದು ಬರೀ ಕಪ್ಪು. ನರ್ತಕಿಯರು ಅಕ್ಷರದ ಹಲಗೆ ಎತ್ತಿ ಹಿಡಿದು ‘ಹವಾಯಿ’ ಎಂದು ಓದಿಸುವುದು ಅದರ ಪ್ರಸಿದ್ಧ ದೃಶ್ಯ. 2002ರವರೆಗೆ ಅದು ನಡೆಯಿತು. ಅಲ್ಲಿ ಹಾಡಿದವರೂ ಕುಣಿದವರೂ ಆ ಮಣ್ಣಿನವರೇ, ವಿದ್ಯೆ ಬಲ್ಲವರೇ. ಆದರೆ ಯಾವ ಹೊತ್ತಿಗೆ, ಯಾವ ಕಡೆ ಮುಖ ಮಾಡಿ, ಎಷ್ಟು ಹೊತ್ತು ಕುಣಿಯಬೇಕು ಎಂದು ತೀರ್ಮಾನಿಸಿದ್ದು ಕ್ಯಾಮೆರಾ.

ಥೀಮ್ ಪಾರ್ಕಿಗೆ ಹವಾಯಿಯ ಕಲೆ ತರಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು ಇದೇ: ನಮ್ಮಲ್ಲಿ ತೀರ್ಮಾನ ಯಾರದು? ಟಿಕೆಟ್ ವೇಳಾಪಟ್ಟಿಯದೋ, ಲೈಟಿಂಗ್‌ನವರದೋ, ಮಾರ್ಕೆಟಿಂಗ್ ವಿಭಾಗದ್ದೋ? ಹುಲಾ ಹುಟ್ಟುವುದು ಪದ್ಯದಿಂದ. ಹವಾಯಿ ಭಾಷೆಯಲ್ಲಿ ಆ ಪದ್ಯಕ್ಕೆ ಮೆಲೆ ಎನ್ನುತ್ತಾರೆ. ಮೆಲೆ ಇಲ್ಲದೆ ಹುಲಾ ಇಲ್ಲ. ಕೈ, ಪಾದ, ಸೊಂಟ, ಕಣ್ಣು ಎಲ್ಲವೂ ಆ ಮಾತಿನ ಅರ್ಥ ಬಿಡಿಸಲು ದುಡಿಯುತ್ತವೆ. ಹಾಗಾಗಿ ಪಾರ್ಕಿನಲ್ಲಿಯೂ ತೀರ್ಮಾನ ಪದ್ಯದ್ದೇ ಆಗಬೇಕು. ನಾನು ಇವತ್ತು ಹೇಳುವ ವೇಳೆ, ಅಳತೆ, ಧ್ವನಿ, ಅಡುಗೆ, ಹೂವು ಎಲ್ಲವೂ ಈ ಒಂದು ಮಾತಿನಿಂದ ಹೊರಟವು.

ಪದದ ಮೇಲೆ ಇಷ್ಟು ಒತ್ತು ಯಾಕೆ ಎಂದರೆ, ಕಳೆದುಹೋಗುವ ಹಂತಕ್ಕೆ ಬಂದದ್ದೂ ಅದೇ. 1830ರಲ್ಲಿ ಕ್ರೈಸ್ತ ಮತ ಸ್ವೀಕರಿಸಿದ್ದ ರಾಣಿ ಕ’ಅಹುಮನು ಸಾರ್ವಜನಿಕ ಹುಲಾವನ್ನು ನಿಷೇಧಿಸಿದರು. ಬಲ್ಲವರು ಮನೆಯೊಳಗೆ, ದೂರದ ಹಳ್ಳಿಗಳಲ್ಲಿ ಅದನ್ನು ಉಳಿಸಿಕೊಂಡರು. ಅರಸ ಕಲಾಕೌವ 1883ರ ತನ್ನ ಪಟ್ಟಾಭಿಷೇಕದಲ್ಲಿ, 1886ರ ಐವತ್ತನೇ ಹುಟ್ಟುಹಬ್ಬದಲ್ಲಿ ಅದನ್ನು ಮತ್ತೆ ಬಯಲಿಗೆ ತಂದ. (ಈತ 1881ರ ಲೋಕಪರ್ಯಟನೆಯಲ್ಲಿ ಕಲ್ಕತ್ತ, ಮುಂಬಯಿಗಳಿಗೂ ಬಂದು ಹೋದವನು.) 1893ರಲ್ಲಿ ರಾಜ್ಯವೇ ಉರುಳಿತು. 1896ರ ಕಾನೂನು ಶಾಲೆಗಳ ಬೋಧನೆಯನ್ನು ಇಂಗ್ಲಿಷಿಗೆ ಕಟ್ಟಿಹಾಕಿತು. ಮಕ್ಕಳು ಕುಣಿತ ಕಲಿತರು, ಅದರ ಭಾಷೆ ಕಲಿಯಲಿಲ್ಲ. 1978ರಲ್ಲಿ ಹವಾಯಿ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು; 1984ರಲ್ಲಿ ಆ ಭಾಷೆಯಲ್ಲೇ ನಡೆಯುವ ಮೊದಲ ಶಿಶುವಿಹಾರ ಕೌವಾಯಿ ದ್ವೀಪದಲ್ಲಿ ತೆರೆಯಿತು. ಇಂಥ ಇತಿಹಾಸವಿರುವ ಜನರ ಮುಂದೆ, ಅರ್ಥ ಗೊತ್ತಿಲ್ಲದ ಹಾಡಿಗೆ ತುಟಿ ಆಡಿಸುವ ನರ್ತಕಿಯನ್ನು ನಿಲ್ಲಿಸುವುದು ಗಾಯದ ಮೇಲೆ ಕೈ ಇಟ್ಟಂತೆ.

ಇನ್ನು ಕೆಲಸಕ್ಕೆ ಬರೋಣ. ಮೊದಲ ನೇಮಕ ಕುಮು ಹುಲಾ, ಅಂದರೆ ಹುಲಾ ಗುರು. ವೇದಿಕೆಯ ನಕ್ಷೆ ಬರೆಯುವ ವಾಸ್ತುಶಿಲ್ಪಿಗಿಂತ ಮೊದಲು ಅವರು ಬರಬೇಕು. ಗುರುವಿನ ಶಾಲೆಗೆ ಹಾಲೌ ಎಂದು ಹೆಸರು. ವರ್ಷಗಟ್ಟಲೆ ಕಲಿತು, ಊನಿಕಿ ಎಂಬ ವಿಧಿಯ ಮೂಲಕ ಹೊರಬಂದವರಿಗೆ ಗುರುವಾಗುವ ಅಧಿಕಾರ. ‘ನಿಮ್ಮ ಗುರು ಯಾರು, ಅವರ ಗುರು ಯಾರು’ ಎಂದು ಕೇಳುವುದು ಅಲ್ಲಿ ಅಧಿಕಪ್ರಸಂಗ ಅನ್ನಿಸುವುದಿಲ್ಲ, ಪರಿಚಯವೇ ಹಾಗೆ ಶುರುವಾಗುತ್ತದೆ. ಆಡಿಷನ್‌ಗೆ ಬಂದ ಒಳ್ಳೆಯ ನರ್ತಕಿಯನ್ನೇ ನೃತ್ಯ ನಿರ್ದೇಶಕಿ ಮಾಡಿಬಿಡುವುದು ಪಾರ್ಕುಗಳ ಸಾಮಾನ್ಯ ತಪ್ಪು. ಆಕೆಗೆ ಕುಣಿಯಲು ಬರುತ್ತದೆ. ಆದರೆ ಆ ಮೆಲೆಯನ್ನು ಇನ್ನೊಬ್ಬರಿಗೆ ಕಲಿಸಲು ಗುರುವಿನ ಒಪ್ಪಿಗೆ ಇರಲಿಕ್ಕಿಲ್ಲ. ತಿಂಗಳೆರಡು ಕಳೆದು ಆ ಗುರುವಿನಿಂದಲೇ ಆಕ್ಷೇಪ ಬಂದಾಗ, ಪೂರ್ತಿ ಸಿದ್ಧವಾದ ಅಂಕವನ್ನು ಕೈಬಿಡಬೇಕಾಗುತ್ತದೆ.

ಗುರುವಿನ ಒಪ್ಪಂದದಲ್ಲಿ ಮೂರು ವಿಷಯ ಸ್ಪಷ್ಟವಾಗಿ ಬರೆದಿರಬೇಕು. ಯಾವ ಮೆಲೆ ವೇದಿಕೆಗೆ ಸಲ್ಲದು ಎಂದು ಹೇಳುವ, ಹೇಳಿದ್ದನ್ನು ನಿಲ್ಲಿಸುವ ಅಧಿಕಾರ ಅವರದು. ಉದ್ಘಾಟನೆಯ ನಂತರವೂ ತಿಂಗಳಿಗೆ ಇಷ್ಟು ದಿನ ತಾಲೀಮು ಎಂಬ ಸಂಭಾವನೆಯ ದಿನಗಳು. ಒಪ್ಪಂದ ಮುಗಿದರೆ ಅವರು ಕಲಿಸಿದ ಹುಲಾ ಪಾರ್ಕಿನ ಆಸ್ತಿಯಾಗಿ ಉಳಿಯುವುದೋ ಇಲ್ಲವೋ ಎಂಬುದು. ಮೂರನೆಯದನ್ನು ವಕೀಲರು ಯಾವಾಗಲೂ ‘ಎಲ್ಲ ಹಕ್ಕೂ ಕಂಪನಿಯದು’ ಎಂದು ಬರೆದು ತರುತ್ತಾರೆ. ಅದಕ್ಕೆ ಸಹಿ ಹಾಕುವ ಗುರು ಸಿಗುವುದು ಕಷ್ಟ, ಸಿಕ್ಕರೆ ಎಚ್ಚರವಾಗಿರಿ. ಈ ವಿದ್ಯೆ ಪರಂಪರೆಯದು, ಒಬ್ಬರು ಮಾರಿಕೊಳ್ಳುವಂಥದ್ದಲ್ಲ ಎಂದು 2003ರ ಪಾವೊಅಕಲನಿ ಘೋಷಣೆಯಲ್ಲಿ ಹವಾಯಿಯ ಮೂಲನಿವಾಸಿಗಳು ಬರಹದಲ್ಲೇ ಹೇಳಿದ್ದಾರೆ. ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ವೇದಿಕೆಗೆ ಬಳಕೆಯ ಅನುಮತಿ ಎಂದಷ್ಟೇ ಬರೆದರೆ ಎರಡೂ ಕಡೆಗೆ ಸರಿಹೋಗುತ್ತದೆ.

ಹವಾಯಿಯಿಂದ ದೂರ ಇದ್ದರೆ ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಜಪಾನಿನ ಇವಾಕಿ ಊರನ್ನು ತೋರಿಸಬೇಕು. ಫುಕುಶಿಮ ಪ್ರಾಂತದ ಈ ಊರು ಬದುಕಿದ್ದು ಕಲ್ಲಿದ್ದಲಿನ ಮೇಲೆ. ಗಣಿ ಮುಚ್ಚುವ ಕಾಲ ಬಂದಾಗ ಗಣಿ ಕಂಪನಿ, ಸುರಂಗದಲ್ಲಿ ಕಾಟ ಕೊಡುತ್ತಿದ್ದ ಬಿಸಿನೀರ ಬುಗ್ಗೆಗಳನ್ನೇ ಬಂಡವಾಳ ಮಾಡಿಕೊಂಡು 1966ರಲ್ಲಿ ಜೋಬಾನ್ ಹವಾಯಿಯನ್ ಸೆಂಟರ್ ತೆರೆಯಿತು. ಆದರೆ ಅದಕ್ಕೂ ಮೊದಲು, 1965ರಲ್ಲೇ, ಒಂದು ಸಂಗೀತ ನೃತ್ಯ ಶಾಲೆ ತೆರೆದಿತ್ತು. ಗಣಿ ಕಾರ್ಮಿಕರ ಹೆಣ್ಣುಮಕ್ಕಳು ಅಲ್ಲಿ ಕಲಿತು ವೇದಿಕೆ ಏರಿದರು. ಇವತ್ತು ಸ್ಪಾ ರೆಸಾರ್ಟ್ ಹವಾಯಿಯನ್ಸ್ ಎಂಬ ಹೆಸರಿರುವ ಆ ಪಾರ್ಕಿಗೆ ನರ್ತಕಿಯರು ಈಗಲೂ ಆ ಶಾಲೆಯಿಂದಲೇ ಬರುತ್ತಾರೆ. 2011ರ ಭೂಕಂಪದಲ್ಲಿ ಪಾರ್ಕು ಮುಚ್ಚಿದಾಗ ತಂಡ ಸುಮ್ಮನೆ ಕೂರಲಿಲ್ಲ, ದೇಶ ಸುತ್ತಿ ಕುಣಿಯಿತು; ಪಾರ್ಕು 2012ರಲ್ಲಿ ಪೂರ್ತಿಯಾಗಿ ಮತ್ತೆ ತೆರೆಯಿತು. ಅಲ್ಲಿನ ಕಾರ್ಯಕ್ರಮ ಅಪ್ಪಟ ಹವಾಯಿಯದು ಎಂದು ನಾನು ಹೇಳುತ್ತಿಲ್ಲ. ಟಹೀಟಿಯ ಕುಣಿತವೂ ಅದರಲ್ಲಿ ಧಾರಾಳವಾಗಿದೆ. ಆದರೆ ಕಟ್ಟಡಕ್ಕಿಂತ ಮೊದಲು ಶಾಲೆ ಕಟ್ಟಿದರು ಎಂಬುದನ್ನು ಗಮನಿಸಿ. ಅಷ್ಟು ದೀರ್ಘ ಕಾಲ ತಂಡ ಉಳಿದಿರುವುದು ಅದರಿಂದ.

ಈಗ ಮೆಲೆಯ ಆಯ್ಕೆ. ಹುಲಾದಲ್ಲಿ ಸ್ಥೂಲವಾಗಿ ಎರಡು ಬಗೆ. ಕಹಿಕೊ ಹಳೆಯದು: ಪಠಣ ಮತ್ತು ತಾಳವಾದ್ಯ ಮಾತ್ರ. ಔಅನ ಹೊಸದು: ರಾಗವಿರುವ ಹಾಡು, ಗಿಟಾರ್, ಉಕುಲೆಲೆ, ಬಾಸ್. ಕಹಿಕೊದಲ್ಲಿ ಕೆಲವು ಪಾರ್ಕಿಗೆ ಸಲ್ಲವು. ಶಾರ್ಕ್ ಚರ್ಮ ಬಿಗಿದ ಪಹು ಮದ್ದಳೆಯ ಹುಲಾಗಳಲ್ಲಿ ಹಲವು ದೇವಸ್ಥಾನದ ನಂಟಿನವು. ದಿನಕ್ಕೆ ನಾಲ್ಕು ಸಲ, ಐಸ್‌ಕ್ರೀಂ ಗಾಡಿಯ ಪಕ್ಕ ಅವು ಬೇಡ. ಒಬ್ಬ ವ್ಯಕ್ತಿಯ ಹೆಸರಿಗೆ ಕಟ್ಟಿದ ಮೆಲೆ ಇನೊವ ಆ ವ್ಯಕ್ತಿಯದೇ. ಅದನ್ನು ಕುಣಿಯಬಹುದು, ಹೆಸರು ಬದಲಿಸಿ ಪಾರ್ಕಿನ ಮಾಲೀಕರಿಗೋ ಮುಖ್ಯ ಅತಿಥಿಗೋ ಅರ್ಪಿಸುವಂತಿಲ್ಲ. ಇದು ನಡೆದೂ ಇದೆ, ಎಷ್ಟು ನೋವಾಗುತ್ತದೆ ಎಂದು ಮಾಡಿದವರಿಗೆ ತಿಳಿದಿರುವುದಿಲ್ಲ. ಊರು, ಬೆಟ್ಟ, ಮಳೆ, ಗಾಳಿಗಳನ್ನು ಹೊಗಳುವ ಮೆಲೆ ಪನ ಪಾರ್ಕಿಗೆ ಚೆನ್ನಾಗಿ ಒಗ್ಗುತ್ತವೆ. ಹವಾಯಿಯಲ್ಲಿ ಒಂದೊಂದು ಕಣಿವೆಯ ಮಳೆಗೂ ಗಾಳಿಗೂ ಬೇರೆ ಬೇರೆ ಹೆಸರಿದೆ. ಹಾಡಿನಲ್ಲಿ ಮಳೆಯ ಹೆಸರು ಬಂದರೆ ಯಾವ ಊರು ಎಂದು ಬಲ್ಲವರಿಗೆ ತಿಳಿದುಹೋಗುತ್ತದೆ.

ಹಿಲೊ ಊರಿನ ಮೆರಿ ಮೊನಾರ್ಕ್ ಉತ್ಸವದಲ್ಲಿ 1971ರಿಂದ ಹುಲಾ ಸ್ಪರ್ಧೆ ನಡೆಯುತ್ತಿದೆ. ಪ್ರತಿ ಹಾಲೌ ತಾನು ಕುಣಿಯುವ ಮೆಲೆಯ ಬಗ್ಗೆ ತೀರ್ಪುಗಾರರಿಗೆ ಒಂದು ಟಿಪ್ಪಣಿ ಕೊಡಬೇಕು: ಪಠ್ಯ, ಅನುವಾದ, ಹಿನ್ನೆಲೆ, ಉಡುಗೆಗೂ ಹೂವಿಗೂ ಕಾರಣ. ಪಾರ್ಕಿನವರು ಈ ಪದ್ಧತಿಯನ್ನು ಹಾಗೇ ಎತ್ತಿಕೊಳ್ಳಬೇಕು. ಪ್ರತಿ ಮೆಲೆಗೆ ಒಂದೆರಡು ಪುಟ. ಕಟ್ಟಿದವರು ಯಾರು, ಯಾರಿಗಾಗಿ, ಯಾವ ಊರು, ಸಾಲು ಸಾಲಿನ ಅರ್ಥ, ಕಲಿಸಿದವರು ಯಾರು, ಅನುಮತಿ ಯಾವ ದಿನದ್ದು. ಅದರ ಪ್ರತಿ ಉಡುಗೆ ವಿಭಾಗಕ್ಕೂ ಧ್ವನಿಯವರಿಗೂ ನಿರೂಪಕರಿಗೂ ಹೋಗಬೇಕು. ನಿರೂಪಕರ ಕೈಯಲ್ಲಿ ಅದಿಲ್ಲದಿದ್ದರೆ ‘ಇದೊಂದು ಪ್ರೇಮಗೀತೆ’ ಎಂಬ ಒಂದೇ ವಾಕ್ಯ ಎಲ್ಲ ಹಾಡಿಗೂ ಬರುತ್ತದೆ. ಮೆಲೆಗಳಲ್ಲಿ ಕವೊನ ಎಂಬ ಒಳ ಅರ್ಥವಿರುತ್ತದೆ. ಮಳೆ, ಹೂವು ಎಂದರೆ ಬರೀ ಮಳೆ, ಹೂವು ಆಗಿರಬೇಕಿಲ್ಲ. ಅದನ್ನು ಮೈಕಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಕುಣಿಯುವವರಿಗೆ ಗೊತ್ತಿದ್ದರೆ ಅವರ ಕಣ್ಣಿನಲ್ಲಿ ಅದು ಕಾಣುತ್ತದೆ.

ವೇಳೆಯ ಲೆಕ್ಕ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅತಿ ಹೆಚ್ಚು ಹಾನಿಯಾಗುವುದು ಇಲ್ಲೇ. ಔಅನದ ಒಂದು ಸಾಮಾನ್ಯ ಹಾಡು ತೆಗೆದುಕೊಳ್ಳಿ. ಎರಡೆರಡು ಸಾಲಿನ ಐದು ನುಡಿ. ಒಂದು ನುಡಿಗೆ 32 ಎಣಿಕೆ. ನುಡಿ ಎರಡು ಸಲ ಬರುತ್ತದೆ, ಪ್ರತಿ ಸಲದ ಕೊನೆಗೆ 8 ಎಣಿಕೆಯ ವಾದ್ಯದ ತುಣುಕು. ಒಟ್ಟು 80 ಎಣಿಕೆ. ನಿಮಿಷಕ್ಕೆ 100 ಎಣಿಕೆಯ ನಡೆಯಲ್ಲಿ ಒಂದು ನುಡಿ 48 ಸೆಕೆಂಡು, ಇಡೀ ಹಾಡು 4 ನಿಮಿಷ. ಪಾರ್ಕಿನ ಪ್ರದರ್ಶನ 25 ನಿಮಿಷದ್ದು ಎಂದಿಟ್ಟುಕೊಳ್ಳಿ. ನಿರ್ಮಾಪಕರಿಗೆ ವೈವಿಧ್ಯ ಬೇಕು, ಎಂಟು ಕುಣಿತ ಬೇಕು. ಆಗ ಕತ್ತರಿ ಬೀಳುವುದು ನಡುವಿನ ನುಡಿಗಳಿಗೆ: ಮೊದಲ ನುಡಿ, ಕೊನೆಯ ನುಡಿ, ಮುಗಿಯಿತು. ಆದರೆ ಮೆಲೆ ಒಂದು ಪ್ರಯಾಣ. ಮೊದಲ ನುಡಿಯಲ್ಲಿ ಊರು ಕಾಣುತ್ತದೆ, ಎರಡನೆಯದರಲ್ಲಿ ಗಾಳಿ ಬೀಸುತ್ತದೆ, ಮೂರು ನಾಲ್ಕರಲ್ಲಿ ಯಾರೋ ಬರುತ್ತಾರೆ ಅಥವಾ ಬಾರದೆ ಉಳಿಯುತ್ತಾರೆ. ಕೊನೆಯ ನುಡಿ ‘ಹ’ಇನ’ ಎಂದು ಶುರುವಾಗಿ, ಹೇಳಬೇಕಾದ್ದನ್ನು ಹೇಳಿ ಮುಗಿಸಿದೆ ಎನ್ನುತ್ತದೆ. ನಡುವಿನದನ್ನು ಕಿತ್ತರೆ ಏನೂ ಹೇಳದೆ ‘ಹೇಳಿ ಮುಗಿಸಿದೆ’ ಎಂದಂತಾಗುತ್ತದೆ. ಇಡೀ ರಾತ್ರಿಯ ಯಕ್ಷಗಾನ ಪ್ರಸಂಗವನ್ನು ಕಾಲಮಿತಿಗೆ ಇಳಿಸಿದವರಿಗೆ ಈ ಸಂಕಟ ಗೊತ್ತು. ನನ್ನ ಸಲಹೆ: ನುಡಿ ಕತ್ತರಿಸಬೇಡಿ, ಹಾಡು ಕಡಿಮೆ ಮಾಡಿ. 25 ನಿಮಿಷಕ್ಕೆ ಪ್ರವೇಶದ ಪಠಣ, ಎರಡು ಕಹಿಕೊ, ಎರಡು ಔಅನ, ನಡುವೆ ಮಾತಿಗೆ 5 ನಿಮಿಷ, ಕೊನೆಗೆ ನಿರ್ಗಮನ. ಸಾಕು.

ಪ್ರವೇಶದ ಪಠಣಕ್ಕೆ ಒಂದು ಮಾತು. ಒಲಿ ಕಾಹೆಯ ಎಂದರೆ ಬಾಗಿಲಲ್ಲಿ ನಿಂತು ‘ಒಳಗೆ ಬರಬಹುದೇ’ ಎಂದು ಕೇಳುವ ಪಠಣ. ಒಳಗಿನವರು ಒಲಿ ಕೊಮೊ ಹೇಳಿ ಕರೆಯಬೇಕು. ಪಾರ್ಕುಗಳಲ್ಲಿ ಮೊದಲನೆಯದು ಕೇಳಲು ಗಂಭೀರವಾಗಿದೆ ಎಂದು ಇಟ್ಟುಕೊಳ್ಳುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಬಾಗಿಲು ತಟ್ಟಿ, ಯಾರೂ ಓಗೊಡದಿದ್ದರೂ ನುಗ್ಗಿದ ಹಾಗೆ. ಉತ್ತರಕ್ಕೆ ಒಂದು ಗಂಟಲು ಸಾಕು. ವೇದಿಕೆಯ ಒಳಗಿನಿಂದ, ಮುಂಚೆಯೇ ಅಲ್ಲಿ ಕೂತಿರುವ ಹಿರಿಯರಿಂದ ಬರಲಿ.

ಆ ಹಿರಿಯರು ಹೊ’ಒಪ’ಅ. ನಮ್ಮ ಭಾಗವತರ ಹಾಗೆ ಪಕ್ಕದಲ್ಲಿ ಕೂತು, ಪದ ಹೇಳುತ್ತ, ತಾಳ ಹಾಕುತ್ತ ಇಡೀ ಕುಣಿತವನ್ನು ನಡೆಸುವವರು. ಅವರ ಕೈಯಲ್ಲಿರುವುದು ಇಪು ಹೆಕೆ: ಕೆಳಗೊಂದು ದೊಡ್ಡ ಸೋರೆಬುರುಡೆ, ಮೇಲೊಂದು ಚಿಕ್ಕದು, ಕುತ್ತಿಗೆಯಲ್ಲಿ ಅಂಟಿಸಿದ ಜೋಡಿ, ತುದಿಯಲ್ಲಿ ಬಾಯಿ. ಎಡಗೈ ಕುತ್ತಿಗೆಯ ದಾರದಲ್ಲಿ. ಬುರುಡೆಯನ್ನು ಚಾಪೆಯ ಮೆತ್ತೆಗೆ ಇಳಿಸಿ ಬಲ ಅಂಗೈಯಿಂದ ಬಡಿದರೆ ‘ಊ’. ಎತ್ತಿ ಹಿಡಿದು ಬೆರಳುಗಳಿಂದ ತಟ್ಟಿದರೆ ‘ತೇ’. ಊ, ತೇ ತೇ. ಊ, ತೇ ತೇ. ಕಲಿಯುವವರು ಬಾಯಲ್ಲಿ ಹೀಗೇ ಹೇಳಿಕೊಳ್ಳುತ್ತಾರೆ.

ಧ್ವನಿ ವಿಭಾಗಕ್ಕೆ ಇದು ಕಷ್ಟದ ವಾದ್ಯ. ಪಾರ್ಕಿನ ವೇದಿಕೆಗಳು ಒಳಗೆ ಟೊಳ್ಳಾದ ಹಲಗೆಯವು. ‘ಊ’ ಬಿದ್ದಾಗ ಇಡೀ ಹಲಗೆ ಗುಂಯ್‌ಗುಡುತ್ತದೆ, ಸ್ಟ್ಯಾಂಡಿನ ಮೂಲಕ ಮೈಕಿಗೆ ಏರುತ್ತದೆ, ಪದ ಮುಳುಗುತ್ತದೆ. ಆಗ ಧ್ವನಿಯವರು ಇಪುವನ್ನೇ ತಗ್ಗಿಸುತ್ತಾರೆ, ನರ್ತಕಿಯರಿಗೆ ತಾಳ ಕೇಳಿಸುವುದಿಲ್ಲ, ಸಾಲು ಒಡೆಯುತ್ತದೆ. ಮದ್ದು ಸರಳ: ಹೊ’ಒಪ’ಅ ಕೂರುವ ಜಾಗವನ್ನು ವೇದಿಕೆಯ ಹಲಗೆಯಿಂದ ಬೇರ್ಪಡಿಸಿ, ಗಟ್ಟಿ ನೆಲದ ಮೇಲೆ ಪ್ರತ್ಯೇಕ ಕಟ್ಟೆ ಕಟ್ಟಬೇಕು. ಧ್ವನಿಗೆ ತಲೆಗೆ ಸಿಕ್ಕಿಸುವ ಮೈಕು. ಇಪುವಿಗೆ ಬೇರೆ ಮೈಕು, ಬುರುಡೆ ಏರಿಳಿಯುವ ದಾರಿ ತಪ್ಪಿಸಿ ಒಂದು ಗೇಣು ದೂರದಲ್ಲಿ. ಪಠಣದಲ್ಲಿ ಉಸಿರು ಉದ್ದವಾಗಿ ಹೋಗುತ್ತ ಕೊನೆಗೆ ಗಂಟಲಿನ ನಡುಕ ಬರುತ್ತದೆ. ಧ್ವನಿಯ ಏರಿಳಿತವನ್ನು ಸಮ ಮಾಡುವ ಕಂಪ್ರೆಸರ್ ಬಿಗಿಯಾಗಿದ್ದರೆ ಆ ನಡುಕ ಸತ್ತುಹೋಗುತ್ತದೆ, ಸಡಿಲ ಬಿಡಿ. ಪಾರ್ಕಿನ ಬೀದಿಗಳಲ್ಲಿ ದಿನವಿಡೀ ಹರಿಯುವ ಹಿನ್ನೆಲೆ ಸಂಗೀತವನ್ನು ಆ ಆವರಣದಲ್ಲಿ ಪ್ರದರ್ಶನಕ್ಕೆ 5 ನಿಮಿಷ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಕೈಯಲ್ಲಿ ಎರಡೆರಡು ಲಾವಾ ಕಲ್ಲು ಹಿಡಿದು ಚಿಟಿಕೆಯಂತೆ ನುಡಿಸುವ ಇಲಿ’ಇಲಿ ಯಾರಿಗೂ ಕೇಳಿಸದು. ಏಸಿ ಇರುವ ಒಳಾಂಗಣದಲ್ಲಿ ಸೋರೆಬುರುಡೆ ಒಣಗಿ ಬಿರಿಯುತ್ತದೆ. ಒಬ್ಬೊಬ್ಬರಿಗೆ ಎರಡು ಇಪು ಇರಲಿ, ರಾತ್ರಿ ಏಸಿಯ ನೇರ ಗಾಳಿಯಿಂದ ದೂರ ಇಡಿ.

ರೆಕಾರ್ಡ್ ಹಾಕಿ ಕುಣಿಸಬಹುದೇ? ಔಅನಕ್ಕೆ ಅನಿವಾರ್ಯವಾದರೆ ಒಂದು ಮಟ್ಟಿಗೆ. ಕಹಿಕೊಗೆ ಕೂಡದು. ಕಹಿಕೊದಲ್ಲಿ ಮುಂದಿನ ನುಡಿಯ ಮೊದಲ ಮಾತನ್ನು ನರ್ತಕರೇ ಕೂಗಿ ಹೇಳುತ್ತಾರೆ, ಅದನ್ನು ಕೇಳಿ ಹೊ’ಒಪ’ಅ ಮುಂದುವರಿಯುತ್ತಾರೆ. ಯಂತ್ರ ಕೇಳಿಸಿಕೊಳ್ಳುವುದಿಲ್ಲ.

ನರ್ತಕರ ದೇಹದ ಬಗ್ಗೆಯೂ ಯೋಚಿಸಿ. ಕಹಿಕೊದಲ್ಲಿ ಮಂಡಿ ಬಾಗಿಸಿ ತಗ್ಗಿನಲ್ಲೇ ಕುಣಿಯುವ ಐ’ಹ’ಅ ಭಂಗಿ ತೊಡೆ, ಮಂಡಿಗಳನ್ನು ಹಿಂಡುತ್ತದೆ. ಬರಿಗಾಲು. ಕಪ್ಪು ಬಣ್ಣ ಬಳಿದ ನೆಲ ಮಧ್ಯಾಹ್ನದ ಬಿಸಿಲಲ್ಲಿ ಅಂಗಾಲು ಸುಡುತ್ತದೆ. ತೆಳು ಬಣ್ಣದ ಮರದ ನೆಲ, ಮೇಲೆ ನೆರಳು ಬೇಕು. ಬರೀ ಕಾಂಕ್ರೀಟ್ ಕೂಡದು. ದಿನಕ್ಕೆ ನಾಲ್ಕು ಆಟವಿದ್ದರೆ ಎರಡು ತಂಡ ಬೇಕು, ಒಬ್ಬರಿಗೆ ಎರಡೇ ಆಟ. ಇದು ವೆಚ್ಚ ಹೆಚ್ಚಿಸುತ್ತದೆ ಎಂದು ಗೊತ್ತು. ಒಂದೇ ತಂಡವನ್ನು ನಾಲ್ಕು ಸಲ ಕುಣಿಸಿದರೆ ಮೂರನೇ ಆಟದ ಹೊತ್ತಿಗೆ ಮಂಡಿ ನೇರವಾಗುತ್ತದೆ, ಮುಖದಲ್ಲಿ ಅಂಟಿಸಿದ ನಗು ಬರುತ್ತದೆ, ಪದ ಹೊರಟುಹೋಗುತ್ತದೆ.

ಹವಾಯಿಯದು ಎಂದು ಹೆಸರಿಟ್ಟು ಬೇರೆಯವರದನ್ನು ತೋರಿಸುವ ಗೊಂದಲ ಇನ್ನೊಂದು. ಸೊಂಟ ಮಿಂಚಿನ ವೇಗದಲ್ಲಿ ಅಲ್ಲಾಡಿಸುವ ಕುಣಿತ ಟಹೀಟಿಯ ಒಟೆ’ಅ. ಉರಿವ ಕತ್ತಿ ತಿರುಗಿಸುವುದು ಸಮೊವಾದವರ ಕಲೆ. ಅದಕ್ಕೆ ಬೆಂಕಿ ಸೇರಿದ್ದು 1946ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಸಮೊವಾದ ಫ್ರೆಡ್ಡಿ ಲೆಟುಲಿ ಕೈಯಲ್ಲಿ. ಬೆಂಕಿ ನುಂಗುವ ಒಬ್ಬ ಹಿಂದೂ ಕಲಾವಿದನನ್ನು ಅಲ್ಲಿ ಕಂಡದ್ದೇ ಅದಕ್ಕೆ ಪ್ರೇರಣೆ ಎಂಬ ಮಾತು ಪ್ರಸಿದ್ಧ. ಒಣಹುಲ್ಲಿನ ಲಂಗ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಗಿಲ್ಬರ್ಟ್ ದ್ವೀಪಗಳ ಕೂಲಿಕಾರರ ಜೊತೆ ಬಂದದ್ದು. ಹವಾಯಿಯವರದು ತೊಗಟೆ ಬಡಿದು ಮಾಡಿದ ಕಪ ಬಟ್ಟೆಯ ಪಾ’ಊ ಲಂಗ, ಕೀ ಎಂಬ ಗಿಡದ ಹಸಿರು ಎಲೆಯ ಲಂಗ. ಬೇರೆಯವರ ಕಲೆ ಕೂಡದು ಎಂದಲ್ಲ. ಒಆಹು ದ್ವೀಪದ ಲಾ’ಇಯೆಯಲ್ಲಿ 1963ರಿಂದ ನಡೆಯುತ್ತಿರುವ ಪಾಲಿನೇಷ್ಯನ್ ಕಲ್ಚರಲ್ ಸೆಂಟರ್ 42 ಎಕರೆಯಲ್ಲಿ ಹವಾಯಿ, ಸಮೊವಾ, ಟಹೀಟಿ, ಟೊಂಗಾ, ಫಿಜಿ, ಮಾವೊರಿಗಳ ಆವೊಟೆಅರೊವ (ನ್ಯೂಜಿಲೆಂಡ್) ಎಂದು ಒಂದೊಂದಕ್ಕೂ ಬೇರೆ ಹಳ್ಳಿ ಕಟ್ಟಿದೆ. ಒಂದೇ ವೇದಿಕೆಯಾದರೂ ‘ಈಗ ಬರುವುದು ಸಮೊವಾದ್ದು’ ಎಂದು ಮೈಕಿನಲ್ಲಿ ಹೇಳಲು ಐದು ಸೆಕೆಂಡು ಸಾಕು.

ವಾದ್ಯಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1879ರಲ್ಲಿ ಮಡೈರಾದಿಂದ ಬಂದ ಪೋರ್ಚುಗೀಸ್ ವಲಸಿಗರ ಪುಟ್ಟ ತಂತಿವಾದ್ಯ ಉಕುಲೆಲೆ ಆಯಿತು. ಸ್ಟೀಲ್ ಗಿಟಾರ್ ಲಾ’ಇಯೆಯ ಜೋಸೆಫ್ ಕೆಕುಕು ಅವರ ಆವಿಷ್ಕಾರ. ಅದು ನಮ್ಮ ದೇಶಕ್ಕೂ ಬಂತು: ಸ್ಟೀಲ್ ಗಿಟಾರ್ ವಾದಕ ಟೌ ಮೊಯೆ 1940ರ ದಶಕದಲ್ಲಿ ಕುಟುಂಬದೊಂದಿಗೆ ಕಲ್ಕತ್ತದಲ್ಲಿ ನೆಲೆಸಿದ್ದರು, ಮುಂದೆ ಬ್ರಿಜ್ ಭೂಷಣ್ ಕಾಬ್ರಾ ಆ ವಾದ್ಯದಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ಪಾರ್ಕಿನಲ್ಲಿ ನಾಲ್ವರ ತಂಡ ಸಾಕು, ಸ್ಟೀಲ್ ಗಿಟಾರ್ ತಪ್ಪಿಸಬೇಡಿ.

ಊಟ. ಲೂ’ಔ ಎಂಬ ಪದಕ್ಕೆ ಮೂಲ ಅರ್ಥ ಕೆಸುವಿನ ಎಲೆ. ಔತಣಕ್ಕೆ ಆ ಹೆಸರು ಆಮೇಲೆ ಬಂತು. ಮಲೆನಾಡು, ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ, ಪತ್ರೊಡೆಯ ಎಲೆಯೇ ಅದು. ತುರಿಕೆಯ ಕಾರಣವೂ ಒಂದೇ: ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು. ನಾವು ಹುಳಿ ಹಾಕಿ ಪಳಗಿಸುತ್ತೇವೆ, ಅವರು ಹೆಚ್ಚು ಹೊತ್ತು ಬೇಯಿಸುತ್ತಾರೆ. ಪಾರ್ಕಿನ ಅಡುಗೆಮನೆ ಪಾಲಕ್ ಸೊಪ್ಪಿನಂತೆ ಹತ್ತು ನಿಮಿಷ ಬಾಡಿಸಿ ಬಡಿಸಿದರೆ ನೂರಾರು ಅತಿಥಿಗಳ ಗಂಟಲು ಕೆರೆಯುತ್ತದೆ. ಒಂದು ಗಂಟೆ ಕುದಿಸಿ.

ಇಮು ಎಂಬ ನೆಲದೊಲೆ ನೋಡಲು ಜನ ಮುಗಿಬೀಳುತ್ತಾರೆ, ಆದ್ದರಿಂದ ಅದನ್ನು ಸರಿಯಾಗಿ ಮಾಡಬೇಕು. ಒಂದು ಇಡೀ ಹಂದಿಗೆ ಸುಮಾರು 2 ಮೀಟರ್ ಅಗಲ, ಮುಕ್ಕಾಲು ಮೀಟರ್ ಆಳದ ಗುಂಡಿ. ಕಿಯಾವೆ ಎಂಬ ಮರದ ಸೌದೆ, ಅದರ ಮೇಲೆ ಸಣ್ಣ ರಂಧ್ರಗಳಿರುವ ಲಾವಾ ಕಲ್ಲು. ನದಿಯ ನುಣ್ಣನೆಯ ಗಟ್ಟಿ ಕಲ್ಲು ಹಾಕಬಾರದು. ಒಳಗೆ ಸಿಕ್ಕಿಕೊಂಡ ತೇವ ಆವಿಯಾಗಿ ಕಲ್ಲು ಸಿಡಿಯುತ್ತದೆ. ಎರಡು ಮೂರು ಗಂಟೆ ಕಾದು ಕಲ್ಲು ಬೆಳ್ಳಗಾದ ಮೇಲೆ ಹರಡಿ, ಸೀಳಿ ಜಜ್ಜಿದ ಬಾಳೆದಿಂಡು ಹಾಸಬೇಕು. ಹಬೆ ಕೊಡುವುದು ಅದೇ. ದಿಂಡು ಕಡಿಮೆಯಾದರೆ ಮಾಂಸ ಸುಟ್ಟು ಒಣಗುತ್ತದೆ. ಅದರ ಮೇಲೆ ಕೀ ಎಲೆ, ಉಪ್ಪು ಸವರಿದ ಹಂದಿ, ಅದರ ಹೊಟ್ಟೆಯೊಳಗೂ ಕಾದ ಕಲ್ಲು, ಮತ್ತೆ ಬಾಳೆಎಲೆ, ಒದ್ದೆ ಗೋಣಿ, ಕ್ಯಾನ್ವಾಸ್, ಕೊನೆಗೆ ಮಣ್ಣು. ಮೊದಲ ಅರ್ಧ ಗಂಟೆ ಅಂಚಿನ ಸುತ್ತ ನಡೆದು ನೋಡಬೇಕು. ಎಳೆಯಂತೆ ಹಬೆ ಎಲ್ಲಿ ಏಳುತ್ತದೋ ಅಲ್ಲಿಗೆ ಒಂದು ಹಿಡಿ ಮಣ್ಣು. ಅದನ್ನು ಬಿಟ್ಟರೆ ಒಂದು ಮಗ್ಗುಲು ಬೇಯುವುದೇ ಇಲ್ಲ, ತೆರೆದ ಮೇಲೆ ಮಾಡಲು ಏನೂ ಇರುವುದಿಲ್ಲ. ಆರರಿಂದ ಒಂಬತ್ತು ಗಂಟೆ ಬೇಕು. ಐನೂರು ಜನಕ್ಕೆ ಒಂದು ಹಂದಿ ಸಾಲದು, ಉಳಿದದ್ದು ಅಡುಗೆಮನೆಯ ಓವನ್ನಿನಿಂದ ಬರುತ್ತದೆ. ಹಾಗೆಂದು ಹೇಳಿಬಿಡುವುದು ಉತ್ತಮ. ಅತಿಥಿಗಳು ಅದಕ್ಕೆ ಬೇಸರಪಡುವುದಿಲ್ಲ.

ಫಲಕಗಳನ್ನು ಮುದ್ರಿಸುವ ಮೊದಲು ಹವಾಯಿ ಭಾಷೆ ಬಲ್ಲ ಒಬ್ಬರು ಓದಬೇಕು. ದೀರ್ಘಕ್ಕೊಂದು ಗೆರೆ, ಗಂಟಲ ತಡೆಗೊಂದು ಚಿಹ್ನೆ. ಎರಡನ್ನೂ ಅಲಂಕಾರವೆಂದು ತೆಗೆದುಹಾಕುವ ವಿನ್ಯಾಸಕಾರರಿದ್ದಾರೆ. ಪೌ ಎಂದರೆ ಮುಗಿಯಿತು, ಪ’ಉ ಎಂದರೆ ಮಸಿ, ಪಾ’ಊ ಎಂದರೆ ಲಂಗ. ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಕೆಡುವುದು ಕನ್ನಡಿಗರಿಗೆ ಹೊಸದಲ್ಲ. 2011ರಲ್ಲಿ ಡಿಸ್ನಿಯವರು ಒಆಹುವಿನಲ್ಲಿ ತೆರೆದ ಔಲನಿ ರೆಸಾರ್ಟಿನಲ್ಲಿ ಓಲೆಲೊ ರೂಮ್ ಎಂಬ ಕೋಣೆಯಿದೆ. ಅಲ್ಲಿನ ವಸ್ತುಗಳಿಗೆ ಹವಾಯಿ ಹೆಸರು ಬರೆದಿಟ್ಟಿದ್ದಾರೆ, ಬಡಿಸುವವರು ಆ ಭಾಷೆ ಆಡುತ್ತಾರೆ. ಒಂದು ಕೋಣೆಯಷ್ಟೇ ಆದರೂ ಅದು ಸರಿಯಾದ ದಿಕ್ಕು.

ಕೊನೆಯದಾಗಿ ಹೂಮಾಲೆ, ಲೆಯ್. ದೇವಕಣಗಿಲೆಯ ಒಂದು ಮಾಲೆಗೆ ಸುಮಾರು 50 ಹೂ. ಒಂದು ಆಟಕ್ಕೆ 400 ಅತಿಥಿಗಳೆಂದರೆ 20,000 ಹೂ. ಇಷ್ಟು ದಿನಾ ಸಿಗುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಬರುತ್ತದೆ. ಎಲ್ಲರಿಗೂ ಪ್ಲಾಸ್ಟಿಕ್ ಹಾಕುವ ಬದಲು ಎಲ್ಲರಿಗೂ ಹೊಸೆಯಲು ಕಲಿಸಿ. ಕೀ ಎಲೆಯನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟು ತೆಗೆದರೆ ಮೆತ್ತಗಾಗುತ್ತದೆ. ನಡುನರ ಕಿತ್ತು, ಉದ್ದಕ್ಕೆ ಸೀಳಿ, ಎರಡು ಎಳೆಯನ್ನೂ ಒಂದೇ ದಿಕ್ಕಿಗೆ ಹುರಿ ಮಾಡಿ, ಒಂದರ ಮೇಲೊಂದನ್ನು ಎದುರು ದಿಕ್ಕಿಗೆ ಹೊರಳಿಸುತ್ತ ಹೋಗಬೇಕು. ನಾರಿನ ಹಗ್ಗ ಹೊಸೆದವರಿಗೆ ಕೈ ತಾನಾಗಿ ಬರುತ್ತದೆ. ಕುತ್ತಿಗೆಯ ಉದ್ದಕ್ಕೆ ಬರುವವರೆಗೆ ಹೊಸ ಸೀಳು ಸೇರಿಸಿಕೊಂಡರಾಯಿತು. ಹೂವಿನ ಲೆಯ್ ನರ್ತಕರಿಗೂ ಹಿರಿಯರಿಗೂ ಇರಲಿ. ಅವರ ಪೀಕಕೆ ನಮ್ಮ ದುಂಡುಮಲ್ಲಿಗೆ. ರಾಣಿ ಲಿಲಿಉಒಕಲನಿ ಮೆಚ್ಚುತ್ತಿದ್ದ ಪುಅ ಕಲೌನು ನಮ್ಮ ಎಕ್ಕದ ಹೂವು, ಅದರ ಹಾಲು ಕಣ್ಣಿಗೆ ತಾಗದಂತೆ ಮೊದಲೇ ಸೋರಿಸಿ ಪೋಣಿಸಬೇಕು. ಲೆಹುವ ಹೂವನ್ನು ಮಾತ್ರ ಈಗ ಕೇಳಬೇಡಿ: ಶಿಲೀಂಧ್ರ ರೋಗದಿಂದ ಆ ಹೂ ಬಿಡುವ ಓಹಿ’ಅ ಮರಗಳು ಸಾಯುತ್ತಿವೆ, ಹವಾಯಿಯ ಹಾಲೌಗಳಲ್ಲೇ ಹಲವು ಅದನ್ನು ಕೀಳುವುದು ಬಿಟ್ಟಿವೆ. ಗರ್ಭಿಣಿಯರಿಗೆ ತುದಿ ಕಟ್ಟಿದ ಲೆಯ್ ಹಾಕುವುದಿಲ್ಲ, ತುದಿ ಬಿಚ್ಚಿದ್ದನ್ನು ಕೊಡಬೇಕು. ಸ್ವಾಗತದ ಸಿಬ್ಬಂದಿಗೆ ಇದನ್ನು ಮೊದಲ ದಿನವೇ ಹೇಳಿ. ಲೆಯ್ ಕಸದ ಬುಟ್ಟಿಗೆ ಹೋಗಬಾರದು. ನೈಲಾನ್ ಬಿಟ್ಟು ಹತ್ತಿ ದಾರ ಬಳಸಿ, ಹೊರಬಾಗಿಲ ಬಳಿ ಒಂದು ಬಿದಿರಿನ ಬುಟ್ಟಿಯನ್ನೂ ಕತ್ತರಿಯನ್ನೂ ಇಡಿ. ರಾತ್ರಿ ಬಾಗಿಲು ಹಾಕುವ ಮುಂಚೆ ದಾರ ಕತ್ತರಿಸಿ ತೆಗೆದು, ಹೂವು ಎಲೆಗಳನ್ನು ವೇದಿಕೆಯ ಹಿಂದಿನ ಗಿಡಗಳ ಬುಡಕ್ಕೆ ಹಾಕುವ ಕೆಲಸವನ್ನು ಒಬ್ಬರ ಹೆಸರಿಗೆ ಡ್ಯೂಟಿ ಪಟ್ಟಿಯಲ್ಲಿ ಬರೆದುಬಿಡಿ.